ಫೋನಿಗೆ ಕಂಪನಿಯ ಲಾಕ್: ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳಲ್ಲಿ ಫೋನು ಕೊಳ್ಳುವವರು, ಮಾರುವವರು ಮತ್ತು ರಿಪೇರಿ ಮಾಡುವವರು ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಲಾಕ್ ಹೇಗೆ ಕೆಲಸ ಮಾಡುತ್ತದೆ ಎಂಬುದರ ಜೊತೆಗೆ, ಅದನ್ನು ಹಾಕಿದ್ದಕ್ಕೆ ಕಂಪನಿಗಳು ಕೊಡುವ ಸಮರ್ಥನೆಗಳನ್ನೂ ಒಂದೊಂದಾಗಿ ಒರೆಗೆ ಹಚ್ಚಲಾಗಿದೆ. ಈ ಪುಟದ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಲಾಕ್ ಇದೆ ಎಂಬುದನ್ನು ಹಣ ಪಡೆಯುವ ಮೊದಲೇ ಗ್ರಾಹಕನಿಗೆ ಕನ್ನಡದಲ್ಲಿ ತಿಳಿಸಬೇಕು, ಮತ್ತು ಫೋನಿನ ಬಾಕಿ ತೀರಿದ ದಿನವೇ, ಯಾರೂ ಅರ್ಜಿ ಹಾಕದೆ, ಅದನ್ನು ತೆಗೆಯಬೇಕು.

ಕಂಪನಿಯ ಲಾಕ್ ಎಂದರೆ ಯಾವುದು? ನಾವು ಇಟ್ಟುಕೊಳ್ಳುವ ಪ್ಯಾಟರ್ನ್ ಲಾಕ್ ಕೂಡ ಅದೇ ಏನು?

ಅಲ್ಲ. ಪ್ಯಾಟರ್ನ್, ಪಿನ್, ಬೆರಳಚ್ಚು ಇವೆಲ್ಲ ಫೋನಿನ ಒಡೆಯ ತನ್ನ ಫೋನಿಗೆ ತಾನೇ ಹಾಕಿಕೊಳ್ಳುವ ಕೀಲಿಗಳು. ಅವನ್ನು ತೆಗೆಯುವ ಅಧಿಕಾರವೂ ಅವನದೇ. ಕಂಪನಿಯ ಲಾಕ್ ಹಾಗಲ್ಲ. ಫೋನು ನಿಮ್ಮ ಕೈಯಲ್ಲಿರುತ್ತದೆ, ರಸೀದಿ ನಿಮ್ಮ ಹೆಸರಿನಲ್ಲಿರುತ್ತದೆ, ಆದರೆ ಅದರಲ್ಲಿ ಯಾವ ಕಂಪನಿಯ ಸಿಮ್ ನಡೆಯಬೇಕು ಎಂಬುದನ್ನು ಬೇರೆ ಯಾರೋ ನಿರ್ಧರಿಸಿರುತ್ತಾರೆ. ಇದಕ್ಕೆ ನೆಟ್‌ವರ್ಕ್ ಲಾಕ್ ಅಥವಾ ಸಿಮ್ ಲಾಕ್ ಎನ್ನುತ್ತಾರೆ. ಇದರ ಜೊತೆಗೆ ಇನ್ನೆರಡು ಬಗೆಗಳನ್ನು ಜನ ಒಂದೇ ಎಂದು ಭಾವಿಸುತ್ತಾರೆ. ಒಂದು, ಸಾಲದ ಕಂತು ತಪ್ಪಿದಾಗ ಫೈನಾನ್ಸ್ ಕಂಪನಿ ಇಡೀ ಫೋನನ್ನೇ ಬಂದ್ ಮಾಡುವ ಇಎಂಐ ಲಾಕ್. ಇನ್ನೊಂದು, ಫೋನು ತಯಾರಿಸಿದ ಕಂಪನಿಯೇ ಹಾಕುವ ಪ್ರದೇಶದ ಲಾಕ್. ಇವೆರಡರ ವಿಚಾರ ಮುಂದೆ ಪ್ರತ್ಯೇಕವಾಗಿ ಬರುತ್ತದೆ.

ಬೇರೆ ಸಿಮ್ ಹಾಕಿದ್ದು ಫೋನಿಗೆ ಹೇಗೆ ಗೊತ್ತಾಗುತ್ತದೆ?

ಪ್ರತಿಯೊಂದು ಸಿಮ್ಮಿನೊಳಗೆ ಐಎಂಎಸ್‌ಐ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಇದು ನಿಮ್ಮ ಹತ್ತಂಕಿಯ ಮೊಬೈಲ್ ನಂಬರಲ್ಲ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ, ಭಾರತಕ್ಕೆ 404 ಮತ್ತು 405 ಬಳಕೆಯಲ್ಲಿವೆ. ಅನಂತರದ ಎರಡು ಅಥವಾ ಮೂರು ಅಂಕಿಗಳು ಕಂಪನಿಯನ್ನೂ ವಲಯವನ್ನೂ ಹೇಳುತ್ತವೆ. ಉದಾಹರಣೆಗೆ ಏರ್‌ಟೆಲ್‌ನ ಕರ್ನಾಟಕ ವಲಯದ ಸಿಮ್ 404-45 ಎಂದು ಆರಂಭವಾದರೆ, ಅದೇ ಕಂಪನಿಯ ಹೈದರಾಬಾದಿನ ಸಿಮ್ 404-49 ಎಂದು ಆರಂಭವಾಗುತ್ತದೆ. ಫೋನು ಚಾಲೂ ಆದ ಕೂಡಲೇ ಅದರ ಮೋಡೆಮ್, ಅಂದರೆ ನೆಟ್‌ವರ್ಕಿನೊಂದಿಗೆ ಸಂಪರ್ಕ ಸಾಧಿಸುವ ಭಾಗ, ಈ ಅಂಕಿಗಳನ್ನು ಓದಿ, ತನ್ನೊಳಗೆ ಬರೆದಿಟ್ಟ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಪಟ್ಟಿಯಲ್ಲಿ ಆ ಅಂಕಿ ಇಲ್ಲದಿದ್ದರೆ ನೆಟ್‌ವರ್ಕಿಗೆ ಸೇರುವುದಿಲ್ಲ. ಪರದೆಯ ಮೇಲೆ ಸಿಮ್ ಅಮಾನ್ಯ ಎಂದೋ, ಅನ್‌ಲಾಕ್ ಪಿನ್ ಕೊಡಿ ಎಂದೋ ಬರಹ ಮೂಡುತ್ತದೆ. 112ರಂತಹ ತುರ್ತು ಕರೆ ಮಾತ್ರ ಆಗಲೂ ಹೋಗುತ್ತದೆ.

ಐಫೋನಿನಲ್ಲಿ ವ್ಯವಸ್ಥೆ ಸ್ವಲ್ಪ ಬೇರೆ. ಅಲ್ಲಿ ಲಾಕ್ ಇದೆಯೋ ಇಲ್ಲವೋ ಎಂಬ ದಾಖಲೆ ಆ್ಯಪಲ್ ಕಂಪನಿಯ ಸರ್ವರಿನಲ್ಲಿರುತ್ತದೆ, ಆದ್ದರಿಂದ ಪಿನ್ ಒತ್ತಿ ತೆರೆಯುವ ಮಾತೇ ಇಲ್ಲ. ಮೊಬೈಲ್ ಕಂಪನಿ ಒಪ್ಪಿಗೆ ಕಳಿಸಿದರೆ ಮಾತ್ರ ದಾಖಲೆ ಬದಲಾಗುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಲಾಕ್ ಎಂಬುದು ಫೋನಿನ ಯಂತ್ರಭಾಗದಲ್ಲಿರುವ ಕೊರತೆಯಲ್ಲ, ಬೇರೆ ಕಂಪನಿಯ ತರಂಗಗಳನ್ನು ಹಿಡಿಯಲು ಆ ಫೋನಿಗೆ ಶಕ್ತಿ ಇಲ್ಲವೆಂದೂ ಅಲ್ಲ. ಅದು ಒಂದು ಪಟ್ಟಿ. ಅದನ್ನು ಅಳಿಸಲು ಕಂಪನಿಗೆ ತಗಲುವ ಖರ್ಚು ಬಹಳ ಕಡಿಮೆ. ಹೀಗಿರುವಾಗ ಲಾಕ್ ತೆಗೆಯಲು ಶುಲ್ಕ ಕೇಳುವುದನ್ನು ಒಪ್ಪುವುದು ಕಷ್ಟ.

ನಮ್ಮಲ್ಲಿ ಮಾರುವ ಬಹುತೇಕ ಫೋನುಗಳಲ್ಲಿ ಯಾವ ಸಿಮ್ ಬೇಕಾದರೂ ನಡೆಯುತ್ತದಲ್ಲ, ನಮಗೇಕೆ ಈ ಚಿಂತೆ?

ಭಾರತದಲ್ಲಿ ಹೆಚ್ಚಿನವರು ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು, ಎರಡು ಸಿಮ್ ಹಾಕಬಹುದಾದ, ಯಾವ ಲಾಕೂ ಇಲ್ಲದ ಫೋನನ್ನೇ ಕೊಳ್ಳುತ್ತಾರೆ ಎಂಬುದು ನಿಜ. ಆದರೆ ಲಾಕ್ ನಮಗೆ ಹೊಸದೇನಲ್ಲ. 2003ರಲ್ಲಿ ರಿಲಯನ್ಸ್ 501 ರೂಪಾಯಿಗೆ ಹ್ಯಾಂಡ್‌ಸೆಟ್ ಕೊಡುತ್ತೇವೆಂದು ಪ್ರಚಾರ ಮಾಡಿದ ಕಾಲದ ಸಿಡಿಎಂಎ ಎಂಬ ತಂತ್ರಜ್ಞಾನದ ಫೋನುಗಳಲ್ಲಿ ಬದಲಿಸಲು ಸಿಮ್ಮೇ ಇರಲಿಲ್ಲ. ನಂಬರನ್ನು ಫೋನಿನೊಳಗೇ ಬರೆದಿರುತ್ತಿದ್ದರು. 2008ರ ಆಗಸ್ಟಿನಲ್ಲಿ ಐಫೋನ್ 3ಜಿ ನಮ್ಮ ದೇಶಕ್ಕೆ ಬಂದಾಗ ಏರ್‌ಟೆಲ್ ಮತ್ತು ವೊಡಾಫೋನ್ ಅದನ್ನು ತಮ್ಮ ತಮ್ಮ ಜಾಲಕ್ಕೆ ಲಾಕ್ ಮಾಡಿ ಮಾರಿದವು. 2017ರಲ್ಲಿ 1,500 ರೂಪಾಯಿ ಠೇವಣಿಯ ಮೇಲೆ ಬಂದ ಜಿಯೋಫೋನ್, 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್, ಎರಡರಲ್ಲಿಯೂ ಜಿಯೋ ಸಿಮ್ ಬಿಟ್ಟು ಬೇರೆಯದು ನಡೆಯುವುದಿಲ್ಲ. ಅಂದರೆ ಫೋನು ಅಗ್ಗವಾದಷ್ಟೂ, ಕೊಳ್ಳುವವರ ಕೈ ಬಿಗಿಯಾಗಿದ್ದಷ್ಟೂ ಲಾಕ್ ಎದುರಾಗುವ ಸಂಭವ ಹೆಚ್ಚು.

ನಮ್ಮ ಭಾಗದಲ್ಲಿ ಇದರ ಪೆಟ್ಟು ಬೇರೆ ರೀತಿಯದು. ಬೆಂಗಳೂರಿನಲ್ಲಿ ಎಲ್ಲ ಕಂಪನಿಗಳ ಟವರೂ ಇರುವಲ್ಲಿ ಲಾಕ್ ಆದ ಫೋನು ಅಷ್ಟಾಗಿ ಕಾಡುವುದಿಲ್ಲ. ಆದರೆ ಚಿಂಚೋಳಿಯ ಕಾಡಂಚಿನ ತಾಂಡಾದಲ್ಲಿಯೋ, ಔರಾದಿನ ಗಡಿಯ ಹಳ್ಳಿಯಲ್ಲಿಯೋ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆಯೋ ಅದೇ ಸಿಮ್ ಇಟ್ಟುಕೊಳ್ಳಬೇಕಾಗುತ್ತದೆ. ಸುಗ್ಗಿ ಮುಗಿದ ಮೇಲೆ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ಕುಟುಂಬಕ್ಕೆ ಅಲ್ಲಿನ ಕೆಲಸದ ಜಾಗದಲ್ಲಿ ಬೇರೆ ಕಂಪನಿಯ ಸಿಗ್ನಲ್ ಚೆನ್ನಾಗಿರಬಹುದು. ಒಂದೇ ಫೋನಿರುವ ಮನೆಯಲ್ಲಿ ಆ ಫೋನು ಒಂದೇ ಜಾಲಕ್ಕೆ ಕಟ್ಟುಬಿದ್ದಿದ್ದರೆ, ಊರಿನಲ್ಲಿ ಉಳಿದ ಮುದುಕರೊಂದಿಗೆ ಮಾತಾಡಲು ಗುಡ್ಡ ಹತ್ತಬೇಕಾಗುತ್ತದೆ.

"ಕಡಿಮೆ ಬೆಲೆಗೆ ಫೋನು ಕೊಟ್ಟಿದ್ದೇವೆ, ಆ ಹಣ ವಸೂಲಾಗಬೇಕಲ್ಲ" ಎಂದು ಕಂಪನಿ ಹೇಳುತ್ತದೆ. ಇದು ನ್ಯಾಯವಲ್ಲವೇ?

ಎಲ್ಲ ಸಮರ್ಥನೆಗಳ ಪೈಕಿ ಹುರುಳಿರುವುದು ಇದೊಂದರಲ್ಲಿಯೇ, ಆದ್ದರಿಂದ ಇದನ್ನು ಸಾವಧಾನವಾಗಿ ನೋಡಬೇಕು.

ಕಂಪನಿಯೊಂದು ಫೋನಿನ ಬೆಲೆಯ ಒಂದು ಪಾಲನ್ನು ತಾನು ಹೊತ್ತುಕೊಂಡು, ಅದನ್ನು ತಿಂಗಳ ಬಿಲ್ಲಿನಲ್ಲಿಯೋ ರೀಚಾರ್ಜಿನಲ್ಲಿಯೋ ಸ್ವಲ್ಪ ಸ್ವಲ್ಪವಾಗಿ ಮರಳಿ ಪಡೆಯುತ್ತದೆ. ಗ್ರಾಹಕ ಎರಡನೆಯ ತಿಂಗಳಿಗೇ ಸಿಮ್ ತೆಗೆದು ಎಸೆದರೆ ಕಂಪನಿಗೆ ನಷ್ಟ. ಲಿಖಿತ ಒಪ್ಪಂದವೇ ಇಲ್ಲದ ಪ್ರೀಪೇಡ್ ಗ್ರಾಹಕರ ವಿಷಯದಲ್ಲಿ ಆ ನಷ್ಟವನ್ನು ತುಂಬಿಕೊಳ್ಳಲು ಕಂಪನಿಗೆ ಬೇರೆ ದಾರಿ ಕಡಿಮೆ. ಇಂಥಲ್ಲಿ, ಇಷ್ಟು ತಿಂಗಳು ಎಂದು ಮೊದಲೇ ಹೇಳಿ ಹಾಕಿದ ಲಾಕನ್ನು ಈ ಪುಟ ಅನ್ಯಾಯವೆನ್ನುವುದಿಲ್ಲ.

ಆದರೆ ಸಮರ್ಥನೆಯೂ ಲಾಕೂ ಒಂದೇ ದಿನ ಮುಗಿಯಬೇಕು, ಮುಗಿಯುವುದಿಲ್ಲ. ಪೋಸ್ಟ್‌ಪೇಡ್ ಗ್ರಾಹಕ ಒಪ್ಪಂದಕ್ಕೆ ಸಹಿ ಹಾಕಿರುತ್ತಾನೆ. ಕಂತು ಕಟ್ಟದಿದ್ದರೆ ಕಂಪನಿ ನೋಟಿಸ್ ಕೊಡಬಹುದು, ಬಾಕಿಯನ್ನು ಕಾನೂನಿನ ಮೂಲಕ ವಸೂಲು ಮಾಡಬಹುದು. ಆತ ಬೇರೆ ಕಂಪನಿಗೆ ಹೋಗಿಯೂ ಫೋನಿನ ಕಂತನ್ನು ತಪ್ಪದೆ ಕಟ್ಟುತ್ತಿದ್ದರೆ ಫೋನಿನ ಲೆಕ್ಕದಲ್ಲಿ ಕಂಪನಿಗೆ ಒಂದು ಪೈಸೆಯ ನಷ್ಟವೂ ಇಲ್ಲ. ಆಗಲೂ ಲಾಕ್ ಉಳಿದಿದ್ದರೆ ಅದು ಕಾಯುತ್ತಿರುವುದು ಫೋನಿನ ಬೆಲೆಯನ್ನಲ್ಲ, ಮುಂದಿನ ವರ್ಷಗಳ ರೀಚಾರ್ಜನ್ನು.

ಸಬ್ಸಿಡಿಯೇ ಇಲ್ಲದ ಕಡೆ ಲಾಕ್ ಹಾಕಿದ ಉದಾಹರಣೆಯೂ ನಮ್ಮ ಮುಂದಿದೆ. ಅಮೆರಿಕದಲ್ಲಿ ಎರಡು ವರ್ಷದ ಒಪ್ಪಂದದ ಮೇಲೆ 199 ಡಾಲರಿಗೆ ಸಿಗುತ್ತಿದ್ದ 8 ಜಿಬಿಯ ಐಫೋನ್ 3ಜಿಗೆ ಭಾರತದಲ್ಲಿ 31,000 ರೂಪಾಯಿ ಇಟ್ಟಿದ್ದರು. ಪೂರ್ತಿ ಬೆಲೆ ವಸೂಲಾದ ಮೇಲೂ ಲಾಕ್ ಇದ್ದದ್ದನ್ನು ಕಂಡು ಆಗಿನ ಗ್ರಾಹಕರು ಸಿಟ್ಟಾದದ್ದರಲ್ಲಿ ಆಶ್ಚರ್ಯವಿಲ್ಲ. ರಿಯಾಯಿತಿ ಕೊಡದೆ ರಿಯಾಯಿತಿಯ ಷರತ್ತನ್ನು ಮಾತ್ರ ಉಳಿಸಿಕೊಂಡಂತಾಗಿತ್ತು. ಅದಕ್ಕೂ ಒಂದು ವರ್ಷ ಮೊದಲು ಜರ್ಮನಿಯಲ್ಲಿ ಲಾಕಿನ ಬೆಲೆ ಎಷ್ಟೆಂಬುದು ಬಯಲಿಗೇ ಬಂದಿತ್ತು. 2007ರ ನವೆಂಬರಿನಲ್ಲಿ ವೊಡಾಫೋನ್ ಅಲ್ಲಿನ ನ್ಯಾಯಾಲಯಕ್ಕೆ ಹೋದ ಕಾರಣ, ಅಲ್ಲಿ ಐಫೋನ್ ಮಾರುತ್ತಿದ್ದ ಟಿ-ಮೊಬೈಲ್ ಕಂಪನಿ ಕೆಲ ದಿನ ಲಾಕ್ ಇಲ್ಲದ ಐಫೋನನ್ನೂ ಮಾರಬೇಕಾಯಿತು. ಒಪ್ಪಂದದೊಂದಿಗೆ ಲಾಕ್ ಆದ ಫೋನು 399 ಯೂರೋ ಇದ್ದರೆ, ಲಾಕ್ ಇಲ್ಲದ ಅದೇ ಫೋನಿಗೆ 999 ಯೂರೋ ಇಟ್ಟರು. ಮರುತಿಂಗಳು ನ್ಯಾಯಾಲಯ ಆ ತಡೆಯನ್ನು ತೆರವು ಮಾಡಿತು, ಬೆಲೆಪಟ್ಟಿಯ ಆ ಎರಡು ಅಂಕಿಗಳು ಮಾತ್ರ ಜನರ ನೆನಪಿನಲ್ಲಿ ಉಳಿದವು.

ಲಾಕ್ ಇದ್ದರೆ ಕಳ್ಳತನ, ಮೋಸ ಕಡಿಮೆಯಾಗುತ್ತದೆ ಎನ್ನುತ್ತಾರಲ್ಲ?

ಕಳ್ಳನ ದಾರಿಯಿಂದ ಯೋಚಿಸಿ ನೋಡಿ. ಒಂದು ಕಂಪನಿಗೆ ಲಾಕ್ ಆದ ಫೋನನ್ನು ಕದ್ದವನು ಅದೇ ಕಂಪನಿಯ ಇನ್ನೊಂದು ಸಿಮ್ ಹಾಕಿದರೆ ಫೋನು ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ಕೋಟಿಗಟ್ಟಲೆ ಗ್ರಾಹಕರಿರುವ ಕಂಪನಿಯ ಸಿಮ್ ಸಿಗುವುದು ಕಷ್ಟವೇ? ಕಳ್ಳನನ್ನು ತಡೆಯಲು ಬೇಕಾದದ್ದು ಆ ಫೋನು ಯಾವ ಜಾಲದಲ್ಲಿಯೂ ನಡೆಯದಂತೆ ಮಾಡುವ ವ್ಯವಸ್ಥೆ, ಮತ್ತು ಅದು ನಮ್ಮಲ್ಲಿ ಈಗಾಗಲೇ ಇದೆ. ಪ್ರತಿ ಫೋನಿಗೂ 15 ಅಂಕಿಯ ಐಎಂಇಐ ಸಂಖ್ಯೆ ಇರುತ್ತದೆ. 2023ರ ಮೇ ತಿಂಗಳಿನಲ್ಲಿ ದೇಶಾದ್ಯಂತ ಜಾರಿಗೆ ಬಂದ ಸಂಚಾರ್ ಸಾಥಿ ಎಂಬ ಸರ್ಕಾರಿ ಜಾಲತಾಣದ ಸಿಇಐಆರ್ (ಐಎಂಇಐ ದಾಖಲೆಯ) ವಿಭಾಗದಲ್ಲಿ, ಪೊಲೀಸ್ ದೂರಿನ ಪ್ರತಿಯೊಂದಿಗೆ ಅರ್ಜಿ ಹಾಕಿದರೆ ಕಳೆದುಹೋದ ಫೋನು ಎಲ್ಲ ಕಂಪನಿಗಳ ಜಾಲದಲ್ಲಿಯೂ ಬಂದ್ ಆಗುತ್ತದೆ. ಫೋನು ಸಿಕ್ಕ ಮೇಲೆ ಮತ್ತೆ ಚಾಲೂ ಮಾಡಿಸಿಕೊಳ್ಳಬಹುದು. ಈ ವ್ಯವಸ್ಥೆಗೆ ನೆಟ್‌ವರ್ಕ್ ಲಾಕಿನ ಹಂಗಿಲ್ಲ.

ಮೋಸದ ಮಾತು ಸ್ವಲ್ಪ ಬೇರೆ. ಸುಳ್ಳು ದಾಖಲೆ ಕೊಟ್ಟು ಕಂತಿನ ಮೇಲೆ ಹತ್ತಾರು ದುಬಾರಿ ಫೋನು ಎತ್ತಿ ಹೊರದೇಶಕ್ಕೆ ಸಾಗಿಸುವ ದಂಧೆ ಅಮೆರಿಕದಲ್ಲಿ ಇರುವುದು ಹೌದು. ಅದನ್ನೇ ಮುಂದಿಟ್ಟು ವೆರಿಝೋನ್ ಎಂಬ ಮೊಬೈಲ್ ಕಂಪನಿ 2019ರಲ್ಲಿ ಅಲ್ಲಿನ ಸಂಪರ್ಕ ಆಯೋಗದಿಂದ 60 ದಿನ ಲಾಕ್ ಇಡಲು ಅನುಮತಿ ಪಡೆಯಿತು. 60 ದಿನದ ನಂತರ ಲಾಕ್ ತಾನಾಗಿ ತೆರೆಯಬೇಕು ಎಂಬುದು ಷರತ್ತಾಗಿತ್ತು. ಮೋಸ ಬಯಲಾಗಲು ಎರಡು ತಿಂಗಳು ಸಾಕೆಂದು ಆಗ ಸ್ವತಃ ಕಂಪನಿಯೇ ಒಪ್ಪಿದಂತಾಗಿತ್ತು. 2025ರಲ್ಲಿ ಅದೇ ಕಂಪನಿ ಆ ಮಿತಿಯನ್ನೇ ಕೈಬಿಡಬೇಕೆಂದು ಅರ್ಜಿ ಹಾಕಿದಾಗ, ಗ್ರಾಹಕರ ಪರ ನಿಂತವರು ಅದನ್ನು ಅನುಮಾನದಿಂದ ನೋಡಿದ್ದು ಸಹಜ. ಒಂದು ಕಾರಣಕ್ಕೆಂದು ಪಡೆದ ಅವಧಿ ಹಿಗ್ಗುತ್ತಲೇ ಹೋದರೆ ಆ ಕಾರಣದ ಮೇಲಿನ ನಂಬಿಕೆ ಕುಗ್ಗುತ್ತದೆ.

ಬೇರೆ ಜಾಲದಲ್ಲಿ ಫೋನು ಸರಿಯಾಗಿ ನಡೆಯುವುದಿಲ್ಲ, ಗ್ರಾಹಕರ ಒಳಿತಿಗೇ ಲಾಕ್ ಎನ್ನುವ ಮಾತು?

ನಿಲ್ಲುವ ಮಾತಲ್ಲ. ಸರಿಯಾಗಿ ನಡೆಯದಿದ್ದರೆ ಗ್ರಾಹಕ ತಾನೇ ಹಳೆಯ ಸಿಮ್ಮಿಗೆ ಮರಳುತ್ತಾನೆ, ಅದಕ್ಕೆ ಕೀಲಿ ಬೇಕಿಲ್ಲ. ಆರಂಭದಲ್ಲಿ ಜಿಯೋ ಜಾಲದಲ್ಲಿ ಕರೆಗಳೆಲ್ಲ 4ಜಿ ಮೂಲಕವೇ ಹೋಗುತ್ತಿದ್ದು ಉಳಿದವರಲ್ಲಿ ಆ ಸೌಲಭ್ಯವಿರಲಿಲ್ಲ ಎಂಬುದು ಸರಿ. ಆದರೆ ಏರ್‌ಟೆಲ್ ಕೂಡ 2017ರ ಸೆಪ್ಟೆಂಬರಿನಲ್ಲಿಯೇ 4ಜಿ ಕರೆ ಸೇವೆಯನ್ನು ಶುರು ಮಾಡಿತು.

"ಷರತ್ತು ಒಪ್ಪಿಯೇ ಕೊಂಡಿದ್ದೀರಿ" ಎಂದರೆ ಏನು ಹೇಳಬೇಕು?

ಯಾವಾಗ ಒಪ್ಪಿದೆ, ಯಾವ ಭಾಷೆಯಲ್ಲಿ ಒಪ್ಪಿದೆ, ತೋರಿಸಿ ಎಂದು ಕೇಳಬೇಕು. ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿಯೋ, ಶಹಾಪುರದ ಬಸ್ ನಿಲ್ದಾಣದ ಎದುರಿಗೋ ಇರುವ ಅಂಗಡಿಯಲ್ಲಿ ಫೋನು ಮಾರುವ ಕ್ರಮವನ್ನು ಗಮನಿಸಿದವರಿಗೆ ಇದು ಗೊತ್ತು. ಅಂಗಡಿಯವರು ಆಧಾರ್ ನಂಬರ್ ಬರೆದುಕೊಂಡು, ಬೆರಳು ಇಡಿಸಿಕೊಂಡು, ಸಿಮ್ ಚಾಲೂ ಮಾಡಿ, ಡಬ್ಬಿಯ ಸೀಲನ್ನು ಅಲ್ಲಿಯೇ ಒಡೆದು ಫೋನನ್ನು ಕೈಗಿಡುತ್ತಾರೆ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿದ, ಹಲವು ಮಡಿಕೆಯ ಕಾಗದ ಡಬ್ಬಿಯ ತಳದಲ್ಲಿಯೇ ಉಳಿಯುತ್ತದೆ. ಹಣ ಕೊಟ್ಟ ಮೇಲೆ ಕೈಗೆ ಬಂದ ಷರತ್ತನ್ನು ಒಪ್ಪಿಕೊಂಡದ್ದು ಎನ್ನಲಾಗದು. "ರೊಕ್ಕ ನಾ ಕೊಟ್ಟೀನ್ರಿ, ಕೀಲಿಕೈ ಅವರ ಹಂತ್ಯಾಕ ಹ್ಯಾಂಗ?" ಎಂದು ನಮ್ಮ ಜನ ಕೇಳುವ ಪ್ರಶ್ನೆ ಕಾನೂನಿನ ದೃಷ್ಟಿಯಿಂದಲೂ ಗಟ್ಟಿಯಾದದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕಿನ ಗುಣ, ಪ್ರಮಾಣ, ಬೆಲೆ ಮೊದಲಾದವನ್ನು ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ಗ್ರಾಹಕನ ಹಕ್ಕುಗಳಲ್ಲಿ ದೊಡ್ಡ ಏರುಪೇರು ತರುವ ಏಕಪಕ್ಷೀಯ ಕರಾರನ್ನು ಅನ್ಯಾಯದ ಒಪ್ಪಂದ ಎಂದು ಪರಿಗಣಿಸಲು ಅದರಲ್ಲಿ ಅವಕಾಶವೂ ಇದೆ.

ಅಂಗಡಿಯವರ ಮೇಲೆ ಹರಿಹಾಯುವುದರಿಂದ ಪ್ರಯೋಜನವಿಲ್ಲ. ಬಹಳ ಕಡೆ ಅವರಿಗೂ ಲಾಕಿನ ವಿಷಯ ಸರಿಯಾಗಿ ಹೇಳಿರುವುದಿಲ್ಲ, ಫೋನು ಮರಳಿ ತಂದವರ ಮಾತು ಕೇಳಬೇಕಾದವರು ಮಾತ್ರ ಅವರೇ.

ನಂಬರ್ ಪೋರ್ಟ್ ಮಾಡಿಸಿದರೆ ಲಾಕ್ ಹೋಗುತ್ತದೆಯೇ?

ಹೋಗುವುದಿಲ್ಲ. ಪೋರ್ಟ್ ಆಗುವುದು ನಂಬರ್ ಮಾತ್ರ. ಲಾಕ್ ಇರುವುದು ಫೋನಿನಲ್ಲಿ. 2011ರ ಜನವರಿಯಲ್ಲಿ ದೇಶಾದ್ಯಂತ ಬಂದ ಪೋರ್ಟ್ ಸೌಲಭ್ಯ ಗ್ರಾಹಕರಿಗೆ ಕಂಪನಿ ಬದಲಿಸುವ ಸ್ವಾತಂತ್ರ್ಯ ಕೊಟ್ಟಿತು, ಆದರೆ ಲಾಕ್ ಆದ ಫೋನಿರುವವರಿಗೆ ಆ ಸ್ವಾತಂತ್ರ್ಯ ಅರ್ಧ ಮಾತ್ರ. ಆದ್ದರಿಂದ ಪೋರ್ಟ್ ಕೋರಿ 1900ಕ್ಕೆ ಸಂದೇಶ ಕಳಿಸುವ ಮೊದಲು ಸ್ನೇಹಿತರ ಸಿಮ್ ಹಾಕಿ ಫೋನನ್ನು ಪರೀಕ್ಷಿಸಿಕೊಳ್ಳಿ.

ಬೇರೆ ದೇಶಗಳ ಗ್ರಾಹಕರು ಇದನ್ನು ಹೇಗೆ ಎದುರಿಸಿದರು?

ಅಮೆರಿಕದಲ್ಲಿ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯ ಅಡಿಯಲ್ಲಿ ಫೋನಿನ ಲಾಕ್ ಮುರಿಯುವುದು ಅಪರಾಧವಾಗುವ ಸಂಭವವಿತ್ತು. 2006ರಿಂದ ಅದಕ್ಕೆ ವಿನಾಯಿತಿ ಇತ್ತು. 2012ರಲ್ಲಿ ಅದನ್ನು ನವೀಕರಿಸಲಿಲ್ಲ, 2013ರ ಜನವರಿ 26ರ ನಂತರ ಕೊಂಡ ಫೋನುಗಳಿಗೆ ವಿನಾಯಿತಿ ಇಲ್ಲದಾಯಿತು. ತಾನು ಹಣ ಕೊಟ್ಟ ಫೋನನ್ನು ತೆರೆದರೆ ತಪ್ಪಿತಸ್ಥ ಎಂಬ ಸ್ಥಿತಿ ಜನರನ್ನು ಕೆರಳಿಸಿತು. ಶ್ವೇತಭವನದ ಜಾಲತಾಣಕ್ಕೆ ಹೋದ ಮನವಿಗೆ 1,14,000ಕ್ಕೂ ಹೆಚ್ಚು ಜನ ಸಹಿ ಹಾಕಿದರು, ಸರ್ಕಾರ ಆ ವರ್ಷದ ಮಾರ್ಚಿನಲ್ಲಿ ಗ್ರಾಹಕರ ಬೇಡಿಕೆಯನ್ನು ಒಪ್ಪಿತು, 2014ರ ಆಗಸ್ಟ್ 1ರಂದು ಅಧ್ಯಕ್ಷ ಒಬಾಮ ಲಾಕ್ ತೆರೆಯಲು ಮತ್ತೆ ಅವಕಾಶ ಕೊಡುವ ಕಾಯ್ದೆಗೆ ಸಹಿ ಹಾಕಿದರು. ಆ ಕಾಯ್ದೆಯಲ್ಲಿ ಒಂದು ಕೊರತೆ ಉಳಿಯಿತು: ಗ್ರಾಹಕ ತೆರೆದುಕೊಳ್ಳಬಹುದು ಎಂದಿತೇ ಹೊರತು ಕಂಪನಿ ತೆರೆದು ಕೊಡಲೇಬೇಕು ಎನ್ನಲಿಲ್ಲ.

ಕೆನಡಾದ ಅನುಭವ ಇನ್ನೂ ಸ್ಪಷ್ಟವಾದದ್ದು. ಅಲ್ಲಿ ಲಾಕ್ ತೆಗೆಯಲು ಸಾಮಾನ್ಯವಾಗಿ 50 ಡಾಲರ್ ಕೇಳುತ್ತಿದ್ದರು; 2016ರ ಒಂದೇ ವರ್ಷದಲ್ಲಿ ಕಂಪನಿಗಳು ಈ ಶುಲ್ಕದಿಂದ 3.77 ಕೋಟಿ ಕೆನಡಾ ಡಾಲರ್ ಗಳಿಸಿದ್ದು ಬೆಳಕಿಗೆ ಬಂತು. ರಕ್ಷಣೆಗೆಂದು ಹಾಕಿದ ಲಾಕ್ ಸ್ವತಃ ಆದಾಯದ ಬಾಬ್ತಾಗಿತ್ತು. ನಿಯಂತ್ರಣ ಆಯೋಗ 2017ರ ಡಿಸೆಂಬರ್ 1ರಿಂದ ಹೊಸ ಫೋನುಗಳನ್ನು ಲಾಕ್ ಇಲ್ಲದೆಯೇ ಮಾರಬೇಕು, ಹಳೆಯವನ್ನು ಉಚಿತವಾಗಿ ತೆರೆದು ಕೊಡಬೇಕು ಎಂದು ಆದೇಶಿಸಿತು. ಬ್ರಿಟನ್ನಿನಲ್ಲಿ ಲಾಕ್ ತೆಗೆಸಲು ಹೋದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತೊಂದರೆ ಅನುಭವಿಸುತ್ತಾರೆ ಎಂದು ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಕಂಡುಕೊಂಡಿತು. 2021ರ ಡಿಸೆಂಬರಿನಿಂದ ಲಾಕ್ ಆದ ಫೋನು ಮಾರುವುದನ್ನೇ ನಿಷೇಧಿಸಿತು. ಅಲ್ಲಿ ಓ2, ತ್ರೀ ಮುಂತಾದ ಕಂಪನಿಗಳು ಅದಕ್ಕೂ ಮೊದಲೇ ಲಾಕ್ ಇಲ್ಲದೆ ಮಾರುತ್ತಿದ್ದವು ಎಂಬುದನ್ನು ಗಮನಿಸಬೇಕು. ಲಾಕ್ ಇಲ್ಲದಿದ್ದರೆ ವ್ಯಾಪಾರವೇ ನಡೆಯದು ಎನ್ನುವ ವಾದಕ್ಕೆ ಪಕ್ಕದ ಅಂಗಡಿಯೇ ಉತ್ತರವಾಗಿತ್ತು. ಜಪಾನ್ ಕೂಡ 2021ರ ಅಕ್ಟೋಬರಿನಿಂದ ಸಿಮ್ ಲಾಕನ್ನು ನಿಲ್ಲಿಸಿದೆ.

ಕಂತು ತಪ್ಪಿದ್ದಕ್ಕೆ ಫೈನಾನ್ಸಿನವರು ಫೋನನ್ನೇ ಬಂದ್ ಮಾಡಿದ್ದಾರೆ. ಇದೂ ಇದೇ ಲಾಕೇ?

ಇದು ಬೇರೆ, ಮತ್ತು ಅದಕ್ಕಿಂತ ಕಠಿಣ. ನೆಟ್‌ವರ್ಕ್ ಲಾಕ್ ಬೇರೆ ಸಿಮ್ಮನ್ನು ತಡೆಯುತ್ತದೆ. ಇಎಂಐ ಲಾಕ್ ಪರದೆಯನ್ನೇ ಮುಚ್ಚುತ್ತದೆ. ಸಾಲ ಕೊಡುವಾಗಲೇ ಫೋನಿನಲ್ಲಿ ನಿಯಂತ್ರಣದ ಒಂದು ಆ್ಯಪ್ ಹಾಕಿರುತ್ತಾರೆ, ಅದಕ್ಕೆ ಇಡೀ ಸಾಧನದ ಮೇಲೆ ಅಧಿಕಾರವಿರುತ್ತದೆ; ಫೋನನ್ನು ಪೂರ್ತಿ ರೀಸೆಟ್ ಮಾಡಿದರೂ ಹಲವು ಬಾರಿ ಅದು ಮತ್ತೆ ಬಂದು ಕೂರುತ್ತದೆ.

ಸಾಲ ಪಡೆದವರು ಕಟ್ಟಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಬಂದ್ ಆಗುವುದು ಕೇವಲ ಮನರಂಜನೆಯ ವಸ್ತುವಲ್ಲ. ತೊಗರಿ ಬೆಳೆದ ರೈತ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತನ್ನ ಹೊಲದ ಫೋಟೋ ಏರಿಸಬೇಕಾದದ್ದು ಅದೇ ಫೋನಿನಲ್ಲಿ, ಆಧಾರ್ ಒಟಿಪಿ ಬರುವುದು ಅದೇ ಫೋನಿಗೆ, ದಿನಗೂಲಿಯ ಹಣ ಯುಪಿಐ ಮೂಲಕ ಬರುವುದೂ ಅದಕ್ಕೇ. ಕಂತು ಕಟ್ಟಲು ದುಡಿಯಬೇಕಾದ ಸಾಧನವನ್ನೇ ಕಿತ್ತುಕೊಂಡು ಕಂತು ಕೇಳುವ ಈ ಕ್ರಮ ಸಾಲ ಕೊಟ್ಟವರಿಗೂ ಹಿತವಲ್ಲ. ರಿಸರ್ವ್ ಬ್ಯಾಂಕು 2024ರಲ್ಲಿ ಸಾಲದಾತರಿಗೆ ಇಂಥ ಲಾಕ್ ನಿಲ್ಲಿಸಲು ಸೂಚಿಸಿತ್ತೆಂದು ಪತ್ರಿಕೆಗಳು ವರದಿ ಮಾಡಿದ್ದವು. 2025ರ ಅಕ್ಟೋಬರಿನಲ್ಲಿ ಅದೇ ಬ್ಯಾಂಕು ಈ ವಿಷಯದ ಸಾಧಕಬಾಧಕಗಳನ್ನು ಪರಿಶೀಲಿಸಲಾಗುತ್ತಿದೆ ಎಂದಿತು. ನಿಮ್ಮ ಫೋನು ಬಂದ್ ಆಗಿದ್ದರೆ ಮೊದಲು ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ದೂರು ಇತ್ಯರ್ಥ) ವ್ಯವಸ್ಥೆಗೆ ದೂರು ಸಲ್ಲಿಸಬಹುದು. ಮಾಹಿತಿಗೆ 14448 ಸಂಖ್ಯೆ ಇದೆ.

ಅಮೆರಿಕದಲ್ಲಿರುವ ಮಗ ತಂದುಕೊಟ್ಟ ಫೋನಿನಲ್ಲಿ ನಮ್ಮ ಸಿಮ್ ನಡೆಯುತ್ತಿಲ್ಲ. ಏನು ಮಾಡಬೇಕು?

ಅಲ್ಲಿನ ಕಂಪನಿಯ ಕಂತು ಇನ್ನೂ ಬಾಕಿ ಇರುವ ಸಂಭವವೇ ಹೆಚ್ಚು. ಬಾಕಿ ತೀರಿಸಿ, ಫೋನು ಕೊಂಡ ಖಾತೆಯಿಂದಲೇ ಅನ್‌ಲಾಕ್ ಅರ್ಜಿ ಹಾಕಬೇಕು. ಇದನ್ನು ಇಲ್ಲಿಂದ ಮಾಡಿಸುವುದು ಕಷ್ಟವಾದ್ದರಿಂದ ಊರಿಗೆ ಹೊರಡುವ ಮೊದಲೇ ಮುಗಿಸಿಕೊಳ್ಳಲು ಅವರಿಗೆ ಹೇಳಿ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಅವಕ್ಕೆ ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್ ಪಡೆಯಬೇಕು. ಅದು ಲಾಕ್ ಅಲ್ಲ. ಸ್ಯಾಮ್‌ಸಂಗಿನ ಕೆಲವು ಫೋನುಗಳಲ್ಲಿ ಮೊದಲು ಹೇಳಿದ ಪ್ರದೇಶದ ಲಾಕ್ ಇರುತ್ತದೆ: ಅವನ್ನು ಮಾರಿದ ಪ್ರದೇಶದ ಸಿಮ್ಮಿನಿಂದ ಮೊದಲು ಐದು ನಿಮಿಷ ಕರೆ ಮಾಡಿದ ಮೇಲೆಯೇ ಬೇರೆ ದೇಶದ ಸಿಮ್ ನಡೆಯುತ್ತದೆ. ಡಬ್ಬಿಯ ಮೇಲೆ ಅದರ ಚೀಟಿ ಅಂಟಿಸಿರುತ್ತಾರೆ.

ರಿಪೇರಿ ಅಂಗಡಿಯಲ್ಲಿ ಲಾಕ್ ತೆಗೆಸಬಹುದೇ? ಅದು ಅಪರಾಧವೇ?

ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ, ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದನ್ನು ಶಿಕ್ಷಾರ್ಹ ಎನ್ನುತ್ತದೆ. ತನ್ನ ಸ್ವಂತ ಫೋನಿನಲ್ಲಿ ಬೇರೆ ಸಿಮ್ ಬಳಸುವ ಉದ್ದೇಶ ಅದಲ್ಲ. ಆದರೆ ಐಎಂಇಐ ಸಂಖ್ಯೆಯನ್ನು ಬದಲಿಸುವುದು ಮಾತ್ರ ಸ್ಪಷ್ಟ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಸಾಫ್ಟ್‌ವೇರ್ ಹಾಕಿ ಲಾಕ್ ತೆಗೆಯುವ ನೆಪದಲ್ಲಿ ಐಎಂಇಐ ತಿದ್ದುವವರು ಇದ್ದಾರೆ, ಅವರಿಂದ ದೂರವಿರಿ. ಪಿನ್ ಗೊತ್ತಿಲ್ಲದೆ ಅಂದಾಜಿನ ಮೇಲೆ ಒತ್ತಿ ನೋಡುವುದೂ ಬೇಡ, ಕೆಲ ಸಲ ತಪ್ಪಿದ ಮೇಲೆ ಫೋನು ಇನ್ನು ಪಿನ್ನನ್ನೇ ಸ್ವೀಕರಿಸದ ಸ್ಥಿತಿಗೆ ಹೋಗುತ್ತದೆ. ಕಂಪನಿಯ ಕಡೆಯಿಂದಲೇ ತೆಗೆಸುವುದು ತಡವಾದರೂ ನೆಟ್ಟಗಿನ ದಾರಿ.

ಬಾಕಿ ತೀರಿದ ಮೇಲೂ ಲಾಕ್ ತೆಗೆಯದಿದ್ದರೆ ಎಲ್ಲಿಗೆ ಹೋಗಬೇಕು?

ಮೊದಲು ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ಡಾಕೆಟ್ ಸಂಖ್ಯೆ, ಅಂದರೆ ದೂರು ದಾಖಲಾದ ಸಂಖ್ಯೆ ಪಡೆಯಿರಿ. ಆ ಸಂಖ್ಯೆ ಇಲ್ಲದ ದೂರು ದೂರೇ ಅಲ್ಲ. ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಇದರ ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರು ಹೇಳಬಹುದು.

ಅಷ್ಟಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮೊಬೈಲ್ ಕಂಪನಿಗಳ ವಿರುದ್ಧದ ದೂರು ಗ್ರಾಹಕ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ ಎಂದು ಕಂಪನಿಗಳು ಬಹುಕಾಲ ವಾದಿಸಿದವು. 2022ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಆ ವಾದವನ್ನು ತಳ್ಳಿಹಾಕಿದೆ. ಕಂಪನಿಯ ಕಚೇರಿ ಮುಂಬೈಯಲ್ಲಿದೆ, ಅಲ್ಲಿಗೇ ಹೋಗಿ ಎಂಬ ಮಾತೂ ಈಗ ನಡೆಯುವುದಿಲ್ಲ, ಏಕೆಂದರೆ 2019ರ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಸುರಪುರದವರು ಯಾದಗಿರಿಯಲ್ಲಿ, ಭಾಲ್ಕಿಯವರು ಬೀದರಿನಲ್ಲಿ ಕೊಟ್ಟರೆ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ರಸೀದಿ, ಡಬ್ಬಿ, ಕಂತು ಕಟ್ಟಿದ ಸಂದೇಶಗಳು, ಡಾಕೆಟ್ ಸಂಖ್ಯೆ, ಬೇರೆ ಸಿಮ್ ಹಾಕಿದಾಗ ಪರದೆಯ ಮೇಲೆ ಬಂದ ಬರಹದ ಫೋಟೋ ಇವೆಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಫೋನಿನ ಬೆಲೆಗಿಂತ ಓಡಾಟದ ಖರ್ಚೇ ಹೆಚ್ಚಾದೀತೆಂದು ಬಹಳ ಜನ ಸುಮ್ಮನಾಗುತ್ತಾರೆ. ಕಂಪನಿಗಳಿಗೆ ಧೈರ್ಯ ಬರುವುದು ಆ ಮೌನದಿಂದಲೇ. ಆದ್ದರಿಂದ ಸಣ್ಣ ಮೊತ್ತದ ದೂರಾದರೂ ಕೊಡಿ ಎಂಬುದು ನಮ್ಮ ಕಳಕಳಿಯ ಮನವಿ.

ಸೆಕೆಂಡ್ ಹ್ಯಾಂಡ್ ಫೋನು ಕೊಳ್ಳುವಾಗ ಲಾಕ್ ಇದೆಯೇ ಎಂದು ತಿಳಿಯುವುದು ಹೇಗೆ?

ಹಣ ಕೊಡುವ ಮೊದಲು ಎರಡು ಬೇರೆ ಕಂಪನಿಗಳ ಸಿಮ್ ಹಾಕಿ ನೋಡಿ. ಅನುಭವಿ ಅಂಗಡಿಯವರು ಇದಕ್ಕೆಂದೇ ಎರಡು ಮೂರು ಸಿಮ್ಮುಗಳನ್ನು ಗಾಜಿನ ಕೆಳಗೆ ಟೇಪ್ ಹಚ್ಚಿ ಇಟ್ಟುಕೊಂಡಿರುತ್ತಾರೆ, ಕೇಳಿದರೆ ಕೊಡುತ್ತಾರೆ. ಸಿಗ್ನಲಿನ ಕಡ್ಡಿ ಬಂದರೆ ಸಾಲದು, ಒಂದು ಕರೆ ಮಾಡಿ, ಡೇಟಾ ಚಾಲೂ ಮಾಡಿ ನೋಡಬೇಕು. ಐಫೋನಾದರೆ ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಅಬೌಟ್ ತೆರೆದರೆ ಕ್ಯಾರಿಯರ್ ಲಾಕ್ ಎಂಬ ಸಾಲಿನ ಎದುರಿಗೆ ಸಿಮ್ ನಿರ್ಬಂಧ ಇಲ್ಲ ಎಂದಿರಬೇಕು. ಅನಂತರ *#06# ಒತ್ತಿ ಐಎಂಇಐ ನೋಡಿ, ಇಂಗ್ಲಿಷಿನ ಕೆವೈಎಂ ಅಕ್ಷರಗಳನ್ನು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಸಂದೇಶ ಕಳಿಸಿ. ಫೋನು ಬ್ಲಾಕ್ ಆದ ಪಟ್ಟಿಯಲ್ಲಿದ್ದರೆ ಉತ್ತರದಲ್ಲಿ ತಿಳಿಯುತ್ತದೆ. ಎಲ್ಲವೂ ಸರಿಯಿದ್ದರೆ ರಸೀದಿಯ ಮೇಲೆ ಐಎಂಇಐ ಸಂಖ್ಯೆಯನ್ನೂ, ಎಲ್ಲ ಸಿಮ್ ನಡೆಯುತ್ತದೆ ಎಂಬ ಮಾತನ್ನೂ ಬರೆಸಿ, ಅಂಗಡಿಯ ಮುದ್ರೆ ಹಾಕಿಸಿಕೊಳ್ಳಿ.